ಹದಿಮೂರು ಲಕ್ಷ ಸೈನಿಕರ ಜನರಲ್, ಪಿಂಚಣಿ ಇಲಾಖೆಯಲ್ಲಿ

ಪ್ರಶ್ನೆ: ನಾನು ನಿವೃತ್ತ ಹವಾಲ್ದಾರ್, ಹಾಸನ ಜಿಲ್ಲೆಯವನು. ನಮ್ಮ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ಸಾಮಾನ್ಯವಾಗಿ ನಿವೃತ್ತ ಬ್ರಿಗೇಡಿಯರ್ ಅಥವಾ ಕರ್ನಲ್ ನಿರ್ದೇಶಕರಾಗಿ ಬರುತ್ತಾರೆ. ಇಡೀ ಬ್ರಿಗೇಡ್ ನಡೆಸಿದವರು ಇಲ್ಲಿ ಬಂದು ಫ್ಯಾಮಿಲಿ ಪೆನ್ಷನ್, ಸ್ಕಾಲರ್‌ಶಿಪ್ ಅರ್ಜಿ ನೋಡುವುದು ಹಿಂಬಡ್ತಿ ಅಲ್ವಾ? ಫೈಲಿನ ಕೆಲಸ ಗೊತ್ತಿರುವ ಐಎಎಸ್ ಅಧಿಕಾರಿಯನ್ನೇ ಹಾಕಿ ಅಂತ ಮನವಿ ಕೊಡಲು ನಮ್ಮ ಸಂಘದ ಕೆಲವರು ಹೊರಟಿದ್ದಾರೆ. ಬೇರೆ ದೇಶಗಳಲ್ಲಿ ದೊಡ್ಡ ಸೇನಾಧಿಕಾರಿಗಳು ಇಂಥ ಕೆಲಸ ಮಾಡಿ ಗೆದ್ದದ್ದು ಇದೆಯಾ?

ಉತ್ತರ: ಇದೆ. ಬ್ರಿಗೇಡ್ ಬಿಡಿ, 13 ಲಕ್ಷ ಸೈನಿಕರನ್ನು ಯುದ್ಧಭೂಮಿಯಲ್ಲಿ ನಡೆಸಿದ ಜನರಲ್ ಒಬ್ಬರು ಯುದ್ಧ ಮುಗಿದ ಬೆನ್ನಿಗೇ ಮಾಜಿ ಸೈನಿಕರ ಪಿಂಚಣಿ, ಆಸ್ಪತ್ರೆ, ಕಾಲೇಜು ಫೀಸು ನೋಡುವ ಕಚೇರಿಗೆ ಬಂದು ಕೂತರು. ಅವರು ಅಮೆರಿಕದ ಒಮರ್ ಬ್ರಾಡ್ಲಿ. ಅವರೂ ಖುಷಿಯಿಂದ ಒಪ್ಪಿದ ಕೆಲಸವಲ್ಲ ಅದು. 1945ರ ಬೇಸಿಗೆಯಲ್ಲಿ ಯುರೋಪಿನ ಯುದ್ಧ ಮುಗಿದಿತ್ತು, ಜಪಾನ್ ಜೊತೆಗಿನದು ಇನ್ನೂ ನಡೀತಿತ್ತು. ಗೆದ್ದ ಜನರಲ್‌ಗೆ ಆಗ ಬೇಕಿದ್ದದ್ದು ಇನ್ನೊಂದು ರಣರಂಗ. ಸಿಕ್ಕಿದ್ದು ಪಿಂಚಣಿ ಇಲಾಖೆ. ಅಧ್ಯಕ್ಷ ಟ್ರೂಮನ್ ಕೇಳಿದರು, ಇವರು ಇಲ್ಲ ಅನ್ನಲಿಲ್ಲ.

ಅವರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ. ನಿಮ್ಮ ಸಂಘದಲ್ಲಿ ಈಗ ನಡೆಯುತ್ತಿರುವ ವಾದವೇ ಅಲ್ಲೂ ಒಮ್ಮೆ ನಡೆದಿದೆ.

ಬ್ರಾಡ್ಲಿ ಹುಟ್ಟಿದ್ದು 1893ರಲ್ಲಿ, ಮಿಸ್ಸೂರಿ ರಾಜ್ಯದ ಹಳ್ಳಿಯೊಂದರಲ್ಲಿ. ಅಪ್ಪ ಬಡ ಶಾಲಾ ಮೇಷ್ಟ್ರು. ಮಗನಿಗೆ ಹದಿನೈದಾಗುವ ಹೊತ್ತಿಗೆ ತೀರಿಕೊಂಡರು. ಅಮ್ಮ ಬಟ್ಟೆ ಹೊಲಿದು ಮನೆ ನಡೆಸಿದರು. ಹುಡುಗ ರೈಲ್ವೆ ವರ್ಕ್‌ಶಾಪಿನಲ್ಲಿ ಕೂಲಿ ಮಾಡುತ್ತಿದ್ದ. ಖರ್ಚಿಲ್ಲದೆ ಓದಬಹುದು ಅಂತ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಪರೀಕ್ಷೆ ಬರೆದ, ಪಾಸಾದ. 1915ರಲ್ಲಿ ಅಲ್ಲಿಂದ ಹೊರಬಂದ 164 ಜನರಲ್ಲಿ 59 ಮಂದಿ ಮುಂದೆ ಜನರಲ್ ದರ್ಜೆಗೇರಿದರು. ಐಸೆನ್‌ಹೋವರ್ ಕೂಡ ಅದೇ ತಂಡ.

ಮೊದಲ ಮಹಾಯುದ್ಧದಲ್ಲಿ ಬ್ರಾಡ್ಲಿಗೆ ಯುರೋಪ್ ನೋಡುವ ಅವಕಾಶವೂ ಸಿಗಲಿಲ್ಲ. ಮೊಂಟಾನಾದ ಬ್ಯೂಟ್ ಊರಿನಲ್ಲಿ ತಾಮ್ರದ ಗಣಿ ಕಾಯುವ ಡ್ಯೂಟಿ ಬಿತ್ತು. ಆಮೇಲೆ ನಾಲ್ಕು ವರ್ಷ ವೆಸ್ಟ್ ಪಾಯಿಂಟ್‌ನಲ್ಲೇ ಗಣಿತ ಪಾಠ. ಫೋರ್ಟ್ ಬೆನ್ನಿಂಗ್‌ನ ಇನ್‌ಫೆಂಟ್ರಿ (ಕಾಲ್ದಳ) ಶಾಲೆಯಲ್ಲಿ ಕಲಿಸುವಾಗ, ಮುಂದೆ ಭೂಸೇನಾ ಮುಖ್ಯಸ್ಥರಾದ ಜಾರ್ಜ್ ಮಾರ್ಷಲ್ ಕಣ್ಣಿಗೆ ಬಿದ್ದರು. 1941ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದವರು ನಡುವಿನ ಕರ್ನಲ್ ದರ್ಜೆ ದಾಟಿ ನೇರ ಬ್ರಿಗೇಡಿಯರ್ ಜನರಲ್ ಆದರು.

1942ರಲ್ಲಿ ಅವರಿಗೆ 82ನೇ ಡಿವಿಷನ್ ಸಿಕ್ಕಿತು. ಲೂಯಿಸಿಯಾನಾದ ಕ್ಯಾಂಪ್ ಕ್ಲೇಬರ್ನ್. ಕಡ್ಡಾಯ ಭರ್ತಿಯಲ್ಲಿ ಬಂದ ಹುಡುಗರು ರೈಲಿನಿಂದ ಇಳಿಯುತ್ತಿದ್ದರು. ಊರು ಬಿಟ್ಟು ಬಂದ ದುಃಖ, ಕೈಯಲ್ಲಿ ಒಂದು ಚೀಲ, ಮುಂದೇನು ಅಂತ ಗೊತ್ತಿಲ್ಲ. ನೀವೂ ಇದನ್ನು ಕಂಡಿರ್ತೀರಿ. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಸಿಗುವುದು ಬೈಗುಳ, ಉದ್ದನೆಯ ಸಾಲು. ಬ್ರಾಡ್ಲಿ ಬೇರೆ ವ್ಯವಸ್ಥೆ ಮಾಡಿದರು. ಹುಡುಗರು ಇಳಿದಾಗ ಬ್ಯಾಂಡ್ ನುಡಿಯುತ್ತಿತ್ತು. ಬಿಸಿ ಊಟ ತಯಾರಿತ್ತು. ಯಾರು ಯಾವ ಯೂನಿಟ್, ಯಾರ ಮಂಚ ಎಲ್ಲಿ ಅನ್ನುವುದು ಮೊದಲೇ ತೀರ್ಮಾನವಾಗಿತ್ತು. ದಿಬ್ಬಣ ಬರುವ ಮೊದಲೇ ಎಲೆ ಹಾಕಿ, ನೀರಿಟ್ಟು ಕಾಯುವ ಮನೆಯವರ ಹಾಗೆ. ಮೂರು ವರ್ಷದ ಮೇಲೆ ಪಿಂಚಣಿ ಇಲಾಖೆಯಲ್ಲಿ ಅವರು ಮಾಡಿದ ಕೆಲಸಕ್ಕೂ ಇದೇ ಬುದ್ಧಿ ಮೂಲ ಅಂತ ನನ್ನ ಎಣಿಕೆ. ಬರುವವರು ಎಷ್ಟು ಜನ, ಅವರಿಗೇನು ಬೇಕು, ಅದು ಎಲ್ಲಿರಬೇಕು ಅಂತ ಅವರು ಬರುವ ಮೊದಲೇ ಯೋಚಿಸುವುದು.

ಯುದ್ಧದ ಭಾಗ ಎಲ್ಲ ಪುಸ್ತಕದಲ್ಲೂ ಇದೆ, ಬೇಗ ಮುಗಿಸ್ತೀನಿ. 1943ರಲ್ಲಿ ಟ್ಯುನೀಷಿಯಾ, ಸಿಸಿಲಿ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ಅಮೆರಿಕನ್ ಫಸ್ಟ್ ಆರ್ಮಿ ಅವರದು. ಆಗಸ್ಟ್‌ನಿಂದ 12ನೇ ಆರ್ಮಿ ಗ್ರೂಪ್. ಕೊನೆಗೆ ಅದರಡಿ ನಾಲ್ಕು ಸೇನೆಗಳು, 13 ಲಕ್ಷ ಜನ. ಅಮೆರಿಕದ ಇತಿಹಾಸದಲ್ಲಿ ಒಬ್ಬ ಫೀಲ್ಡ್ ಕಮಾಂಡರ್ ಕೈಯಲ್ಲಿ ಅಷ್ಟು ಅಮೆರಿಕನ್ ಸೈನಿಕರು ಯಾವತ್ತೂ ಇರಲಿಲ್ಲ. ಎರ್ನಿ ಪೈಲ್ ಎಂಬ ಯುದ್ಧ ವರದಿಗಾರರ ಬರಹಗಳಿಂದಾಗಿ ಬ್ರಾಡ್ಲಿಗೆ ಸಿಪಾಯಿಗಳ ಜನರಲ್ ಅನ್ನುವ ಹೆಸರು ಅಂಟಿಕೊಂಡಿತು. ಆ ಹೆಸರೇ ಟ್ರೂಮನ್‌ಗೆ ಬೇಕಾಗಿತ್ತು.

ಯಾಕೆ ಬೇಕಾಗಿತ್ತು ಅಂದರೆ ಇಲಾಖೆಗೆ ಮೊದಲಿನಿಂದಲೂ ಒಳ್ಳೆಯ ಹೆಸರಿರಲಿಲ್ಲ. 1921ರಲ್ಲಿ ಅಮೆರಿಕ ಮಾಜಿ ಸೈನಿಕರಿಗಾಗಿ ವೆಟರನ್ಸ್ ಬ್ಯೂರೋ ಶುರು ಮಾಡಿದಾಗ ಅದರ ಮೊದಲ ಮುಖ್ಯಸ್ಥ ಚಾರ್ಲ್ಸ್ ಫೋರ್ಬ್ಸ್. ಆತನೂ ಸೇನೆಯವನೇ, ಮೊದಲ ಮಹಾಯುದ್ಧದಲ್ಲಿ ಪದಕ ಪಡೆದವನು. ಆಸ್ಪತ್ರೆಗಳಿಗೆ ಬೇಕಾದ ಸಾಮಾನನ್ನು ಹೆಚ್ಚುವರಿ ಅಂತ ತೋರಿಸಿ ಮೇರಿಲ್ಯಾಂಡಿನ ಪೆರಿವಿಲ್ ಡಿಪೋದಿಂದ ಬಿಡಿಗಾಸಿಗೆ ಮಾರಿಸಿದ. ಆಸ್ಪತ್ರೆ ಕಟ್ಟುವ ಗುತ್ತಿಗೆಗಳಲ್ಲೂ ವಂಚನೆ. 1925ರಲ್ಲಿ ಶಿಕ್ಷೆಯಾಯಿತು, ಆಮೇಲೆ ಜೈಲು ಸೇರಿದ. ಯೂನಿಫಾರ್ಮ್ ಹಾಕಿದ್ದವರೆಲ್ಲ ಮಾಜಿ ಸೈನಿಕರಿಗೆ ಒಳ್ಳೇದೇ ಮಾಡ್ತಾರೆ ಅಂತ ಸುಮ್ನೆ ನಂಬಿಕೊಳ್ಳೋರಿಗೆ ನಾನು ಮೊದಲು ಹೇಳುವುದು ಈ ಫೋರ್ಬ್ಸ್ ಕಥೆಯನ್ನೇ.

ಅವನ ನಂತರ ಬಂದವರು ಬ್ರಿಗೇಡಿಯರ್ ಜನರಲ್ ಫ್ರಾಂಕ್ ಹೈನ್ಸ್. 1923ರಿಂದ 1945ರವರೆಗೆ ಅವರೇ. ಪ್ರಾಮಾಣಿಕ ಮನುಷ್ಯ, ಲೆಕ್ಕ ಪಕ್ಕಾ. ಆದರೆ ಸಣ್ಣಪುಟ್ಟ ತೀರ್ಮಾನವೂ ವಾಷಿಂಗ್ಟನ್ನಿಗೆ ಹೋಗಿಯೇ ಬರಬೇಕು. ಆಸ್ಪತ್ರೆಗಳು ಊರಾಚೆ, ರಾಜಕಾರಣಿಗಳು ಕೇಳಿದ ಜಾಗಗಳಲ್ಲಿ. ಒಳ್ಳೆಯ ಡಾಕ್ಟರುಗಳು ಅಲ್ಲಿಗೆ ಹೋಗಲು ಒಪ್ಪುತ್ತಿರಲಿಲ್ಲ. ಮೊದಲ ಮಹಾಯುದ್ಧದ ಮಾಜಿ ಸೈನಿಕರಿಗೆ ಅದು ಹೇಗೋ ಸಾಕಾಗುತ್ತಿತ್ತು. ಈಗ ಬರುತ್ತಿದ್ದವರು ಒಂದೂವರೆ ಕೋಟಿ ಜನ!

ಬ್ರಾಡ್ಲಿ ಅಧಿಕಾರ ವಹಿಸಿಕೊಂಡಿದ್ದು 1945ರ ಆಗಸ್ಟ್ 15ರಂದು. ಜಪಾನ್ ಶರಣಾದ ಸುದ್ದಿ ಹಿಂದಿನ ಸಂಜೆಯಷ್ಟೇ ವಾಷಿಂಗ್ಟನ್‌ನಲ್ಲಿ ಘೋಷಣೆಯಾಗಿತ್ತು. ಅಂದರೆ ಮನೆಗೆ ಹೊರಟವರ ಪ್ರವಾಹ ಅದೇ ದಿನ ಶುರು. ಅವರೆಲ್ಲರಿಗೂ 1944ರ ಜೂನ್‌ನಲ್ಲಿ ಮಾಡಿದ ಜಿಐ ಬಿಲ್ ಎಂಬ ಕಾನೂನು ಒಂದಿಷ್ಟು ಹಕ್ಕು ಕೊಟ್ಟಿತ್ತು. ಓದಲು ಹೋದರೆ ವರ್ಷಕ್ಕೆ 500 ಡಾಲರ್‌ವರೆಗೆ ಫೀಸು, ತಿಂಗಳ ಖರ್ಚಿಗೆ ಹಣ. ಕೆಲಸ ಸಿಗದಿದ್ದರೆ ವಾರಕ್ಕೆ 20 ಡಾಲರ್, 52 ವಾರದವರೆಗೆ. ಮನೆ ಕಟ್ಟಲು ಸಾಲಕ್ಕೆ ಸರ್ಕಾರದ ಖಾತರಿ. ಕಾನೂನು ಬರೆದದ್ದು ಬ್ರಾಡ್ಲಿ ಅಲ್ಲ. ಅದನ್ನು ಕೈಗೆ ಮುಟ್ಟಿಸುವ ಕೆಲಸ ಅವರದು. ಇಲಾಖೆಯ ಸಿಬ್ಬಂದಿ ಸುಮಾರು 65 ಸಾವಿರದಿಂದ 2 ಲಕ್ಷಕ್ಕೆ ಏರಿತು.

ಮೊದಲು ಮಾಡಿದ್ದು ಅಧಿಕಾರ ಹಂಚಿದ್ದು. ದೇಶವನ್ನು 13 ಶಾಖಾ ಕಚೇರಿಗಳಿಗೆ ಒಡೆದರು. ವಾಷಿಂಗ್ಟನ್ನಿಗೆ ಬರುತ್ತಿದ್ದ ಫೈಲುಗಳು ಅಲ್ಲೇ ಮುಗಿಯಲಿ ಅಂತ. ಆರ್ಮಿ ಗ್ರೂಪ್ ನಡೆಸಿದವನಿಗೆ ಇದು ಹೊಸದೇನಲ್ಲ. ನಾಲ್ಕು ಸೇನೆಗಳಿಗೆ ಪ್ರತಿ ಗುಡ್ಡದ ಬಗ್ಗೆಯೂ ಆದೇಶ ಕೊಡುತ್ತಾ ಕೂರಲಾಗುತ್ತದೆಯೇ? ಗುರಿ ಹೇಳಬೇಕು, ಜನ ಆರಿಸಬೇಕು, ಬಿಡಬೇಕು. ಸೇನೆಯ ಅನುಭವ ನಿಜವಾಗಿ ಉಪಯೋಗಕ್ಕೆ ಬಂದದ್ದು ಇಲ್ಲಿ. ಗಟ್ಟಿ ದನಿಯಲ್ಲಿ ಆರ್ಡರ್ ಕೊಡುವ ಅಭ್ಯಾಸ ಇಂಥ ಕಚೇರಿಯಲ್ಲಿ ಒಂದು ವಾರಕ್ಕಿಂತ ಜಾಸ್ತಿ ನಡೆಯುವುದಿಲ್ಲ.

ಎರಡನೆಯದು ಆಸ್ಪತ್ರೆ, ನನ್ನ ಪ್ರಕಾರ ಅವರ ದೊಡ್ಡ ಕೆಲಸ. ಯುರೋಪಿನಲ್ಲಿ ಅಮೆರಿಕನ್ ಸೇನೆಯ ಮುಖ್ಯ ಸರ್ಜನ್ ಆಗಿದ್ದ ಮೇಜರ್ ಜನರಲ್ ಪಾಲ್ ಹಾಲಿ ಅವರನ್ನು ಕರೆದುಕೊಂಡು ಬಂದರು. ಶಿಕಾಗೋದ ಮೂಳೆ ತಜ್ಞ ಪಾಲ್ ಮ್ಯಾಗ್ನುಸನ್ ಜೊತೆಯಾದರು. ತೊಡಕು ಏನಿತ್ತು ಅಂದರೆ ಡಾಕ್ಟರ್ ನೇಮಕವೂ ಗುಮಾಸ್ತರ ನೇಮಕದಂತೆ ಸಿವಿಲ್ ಸರ್ವಿಸ್ ನಿಯಮದಲ್ಲೇ ನಡೆಯಬೇಕಿತ್ತು. ಸಂಬಳ ಕಮ್ಮಿ, ನೇಮಕಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಸಿವಿಲ್ ಸರ್ವಿಸ್ ಆಯೋಗದ ವಿರೋಧದ ನಡುವೆಯೂ 1946ರ ಜನವರಿ 3ರಂದು ಹೊಸ ಕಾನೂನು ಬಂತು. ವೈದ್ಯರನ್ನು ಆ ನಿಯಮದಿಂದ ಹೊರಗೆ ತಂದು ಬೇರೆ ವೈದ್ಯಕೀಯ ವಿಭಾಗವನ್ನೇ ಮಾಡಲಾಯಿತು. ಅದೇ ತಿಂಗಳು 30ರಂದು ಒಂದು ಸಣ್ಣ ಮೆಮೊ ಹೊರಟಿತು. ಅದರ ಹೆಸರು ಪಾಲಿಸಿ ಮೆಮೊರಾಂಡಮ್ ನಂಬರ್ 2. ಮಾಜಿ ಸೈನಿಕರ ಆಸ್ಪತ್ರೆಗಳನ್ನು ವೈದ್ಯಕೀಯ ಕಾಲೇಜುಗಳ ಜೊತೆ ಜೋಡಿಸಬೇಕು, ಪ್ರಾಧ್ಯಾಪಕರು ಬಂದು ನೋಡಬೇಕು, ಕಲಿಯುವ ವೈದ್ಯರು ಇಲ್ಲೇ ತರಬೇತಿ ಪಡೆಯಬೇಕು ಅಂತ. ಶಿಕಾಗೋ ಬಳಿಯ ಹೈನ್ಸ್ ಆಸ್ಪತ್ರೆ ಮೊದಲು ಜೋಡಣೆಯಾದವುಗಳಲ್ಲಿ ಒಂದು. (ಹಿಂದಿನ ಮುಖ್ಯಸ್ಥ ಹೈನ್ಸ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಮೊದಲ ಮಹಾಯುದ್ಧದಲ್ಲಿ ಸತ್ತ ಒಬ್ಬ ಲೆಫ್ಟಿನೆಂಟ್ ಹೆಸರು.) ಈಗ ಅಮೆರಿಕದ ವೈದ್ಯರಲ್ಲಿ ದೊಡ್ಡ ಪಾಲು ಜನ ತಮ್ಮ ತರಬೇತಿಯ ಒಂದು ಭಾಗವನ್ನು ಇಂಥ ಆಸ್ಪತ್ರೆಗಳಲ್ಲೇ ಮುಗಿಸುತ್ತಾರೆ.

ಇದರಿಂದ ಹೊಸ ಆಸ್ಪತ್ರೆ ಎಲ್ಲಿ ಕಟ್ಟಬೇಕು ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿತು. ವೈದ್ಯಕೀಯ ಕಾಲೇಜು ಇರುವ ನಗರದಲ್ಲಿ. ಸಂಸದರ ಊರಿನಲ್ಲಲ್ಲ. ಜಗಳ ಹತ್ತಿದ್ದೂ ಇಂಥ ಮಾತುಗಳಿಗೇ.

ಅಮೆರಿಕನ್ ಲೀಜನ್ ಅಂದರೆ ಅಲ್ಲಿನ ಅತಿ ದೊಡ್ಡ ಮಾಜಿ ಸೈನಿಕರ ಸಂಘ. ಆಗ ಅದರ ಮುಖ್ಯಸ್ಥ ಜಾನ್ ಸ್ಟೆಲ್, ಇಲಿನಾಯ್ ರಾಜ್ಯದ ಮಾಜಿ ಗವರ್ನರ್. 1946ರ ಶುರುವಿನಲ್ಲಿ ಅವರು ಬಹಿರಂಗವಾಗಿ ಬ್ರಾಡ್ಲಿ ಮೇಲೆ ಬಿದ್ದರು. ಅರ್ಜಿಗಳು ನಿಧಾನ, ಕಚೇರಿಗಳಲ್ಲಿ ಗೊಂದಲ, ಈ ಜಾಗಕ್ಕೆ ಸೈನಿಕ ಬೇಡ, ನುರಿತ ವ್ಯವಹಾರಸ್ಥ ಬೇಕು ಅಂತ. ನಿಮ್ಮ ಸಂಘದ ಮನವಿ ನೆನಪಾಯಿತಾ? ದೂರಿನಲ್ಲಿ ಸತ್ಯವೂ ಇತ್ತು. ಕಾಗದಗಳು ನಿಜವಾಗಿಯೂ ರಾಶಿ ಬಿದ್ದಿದ್ದವು. ಬ್ರಾಡ್ಲಿ ಹೆದರಲಿಲ್ಲ, ಅಂಕಿ-ಅಂಶ ಇಟ್ಟುಕೊಂಡು ಬಹಿರಂಗವಾಗಿಯೇ ಉತ್ತರ ಕೊಟ್ಟರು. ಸಂಸತ್ತಿನಲ್ಲೂ ಪತ್ರಿಕೆಗಳಲ್ಲೂ ಜನ ಅವರ ಬೆನ್ನಿಗೆ ನಿಂತರು. ನಾರ್ಮಂಡಿಯಲ್ಲಿ ಇಳಿದವರ ಕಮಾಂಡರ್‌ಗೆ ಸೈನಿಕರ ಕಷ್ಟ ಗೊತ್ತಿಲ್ಲ ಅಂತ ಯಾರಿಗೆ ಹೇಳಲು ಸಾಧ್ಯ?

ಅದೇ ವರ್ಷ ಅವರು ಇನ್ನೊಂದು ಕಹಿ ಕೆಲಸಕ್ಕೂ ಬೆಂಬಲ ಕೊಟ್ಟರು. ಕೆಲಸ ಕಲಿಯುತ್ತಾ ಭತ್ಯೆ ಪಡೆಯುವ ಯೋಜನೆಯನ್ನು ಕೆಲವು ಕಂಪನಿಗಳು ದುರುಪಯೋಗ ಮಾಡಿಕೊಳ್ಳುತ್ತಿದ್ದವು. ಒಳ್ಳೇ ಸಂಬಳದ ಮ್ಯಾನೇಜರ್‌ಗೂ ತರಬೇತಿ ಅಂತ ಹೆಸರು ಕೊಟ್ಟು ಸರ್ಕಾರದ ಹಣ. ಆಗಸ್ಟ್‌ನಲ್ಲಿ ಮಿತಿ ಬಂತು. ಸಂಬಳ ಮತ್ತು ಭತ್ಯೆ ಸೇರಿ ಒಂಟಿಯವರಿಗೆ ತಿಂಗಳಿಗೆ 175 ಡಾಲರ್, ಸಂಸಾರಸ್ಥರಿಗೆ 200 ದಾಟಬಾರದು. ಮಾಜಿ ಸೈನಿಕರ ಸಂಘಗಳು ಕೂಗಾಡಿದವು. ಮಾಜಿ ಸೈನಿಕರಿಗೆ ಆಗಲ್ಲ ಅನ್ನುವುದು ಹೊರಗಿನವರಿಗೆ ಬಹಳ ಕಷ್ಟ. ಅಂದ ಕೂಡಲೇ ನಿಮಗೇನು ಗೊತ್ತು ನಮ್ಮ ಕಷ್ಟ ಅನ್ನುವ ಮಾತು ಬರುತ್ತದೆ. ಹಿರಿಯ ಸೇನಾಧಿಕಾರಿಗೆ ಆ ಮಾತು ಅಂಟುವುದಿಲ್ಲ. ಈ ಹುದ್ದೆಯಲ್ಲಿ ಭುಜದ ಮೇಲಿನ ದರ್ಜೆಗೆ ಏನಾದರೂ ಬೆಲೆಯಿದ್ದರೆ ಅದು ಇಷ್ಟೇ: ಮೇಲೆ ಮಂತ್ರಿಗೂ ಕೆಳಗೆ ಸಂಘಕ್ಕೂ ಇಲ್ಲ ಅನ್ನಬಲ್ಲ ಧೈರ್ಯ.

ಎಲ್ಲವೂ ಚೆಂದವಾಗಿತ್ತು ಅಂತಲ್ಲ. ಕಪ್ಪು ಸೈನಿಕರಿಗೆ ಈ ಕಾನೂನು ಅದೇ ಪ್ರಮಾಣದಲ್ಲಿ ಸಿಗಲಿಲ್ಲ. ಸಾಲ ಕೊಡುವುದು ಸ್ಥಳೀಯ ಬ್ಯಾಂಕು, ಅರ್ಜಿ ತಳ್ಳುವುದು ಸ್ಥಳೀಯ ಕಚೇರಿ. 1947ರ ಒಂದು ಸಮೀಕ್ಷೆಯ ಪ್ರಕಾರ ಮಿಸಿಸಿಪ್ಪಿಯಲ್ಲಿ ಖಾತರಿ ಪಡೆದ 3,229 ಸಾಲಗಳಲ್ಲಿ ಕಪ್ಪು ಜನರಿಗೆ ಸಿಕ್ಕಿದ್ದು 2. ದಕ್ಷಿಣದ ಆಸ್ಪತ್ರೆಗಳಲ್ಲಿ ವಾರ್ಡುಗಳೂ ಬೇರೆ ಬೇರೆ. ಅಧಿಕಾರ ಹಂಚಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಸ್ಥಳೀಯ ಪಕ್ಷಪಾತಕ್ಕೂ ಅಷ್ಟೇ ಅಧಿಕಾರ ಸಿಗುತ್ತದೆ. ಬ್ರಾಡ್ಲಿ ಆ ಗೋಡೆಯನ್ನು ಮುಟ್ಟಲಿಲ್ಲ. ಅವರನ್ನು ಹೊಗಳುವವರು ಈ ಭಾಗವನ್ನು ಹಾರಿಸಿಬಿಡ್ತಾರೆ.

1947ರ ಕೊನೆಗೆ ಅವರು ಹೊರಟರು. ಬದಲಿಗೆ ಬಂದದ್ದು ರೈಲ್ವೆ ಕಂಪನಿಯ ದೊಡ್ಡ ಅಧಿಕಾರಿ ಕಾರ್ಲ್ ಗ್ರೇ. ಅಂದರೆ ಸ್ಟೆಲ್ ಕೇಳಿದಂಥ ವ್ಯವಹಾರಸ್ಥ. ತಮಾಷೆ ಅಂದರೆ ಅವರೂ ಯುದ್ಧದಲ್ಲಿ ಮಿಲಿಟರಿ ರೈಲ್ವೆ ನಡೆಸಿದ ಮೇಜರ್ ಜನರಲ್! ಬ್ರಾಡ್ಲಿ ಮಾತ್ರ 1948ರ ಫೆಬ್ರವರಿಯಲ್ಲಿ ಭೂಸೇನಾ ಮುಖ್ಯಸ್ಥರಾದರು. 1949ರಲ್ಲಿ ಮೂರೂ ಪಡೆಗಳ ಮುಖ್ಯಸ್ಥರ ಸಮಿತಿಗೆ ಮೊದಲ ಅಧ್ಯಕ್ಷ, 1950ರಲ್ಲಿ ಐದು ನಕ್ಷತ್ರ, ಅಂದರೆ ಫೀಲ್ಡ್ ಮಾರ್ಷಲ್‌ಗೆ ಸಮನಾದ ದರ್ಜೆ. ಈಗ ಹೇಳಿ, ಹಿಂಬಡ್ತಿ ಎಲ್ಲಿ ಆಯಿತು? ನಿವೃತ್ತರಾದ ಮೇಲೂ ಆ ವಿಷಯ ಅವರನ್ನು ಬಿಡಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್, ಅದೇ ಹಳೇ ಸಹಪಾಠಿ, ಮಾಜಿ ಸೈನಿಕರ ಪಿಂಚಣಿ ಪರಿಶೀಲಿಸುವ ಆಯೋಗಕ್ಕೆ ಅವರನ್ನೇ ಕೂರಿಸಿದರು. 1956ರಲ್ಲಿ ವರದಿ ಬಂತು. ಸೇವೆ ಮಾಡಿದ್ದೇ ಪಿಂಚಣಿಗೆ ಕಾರಣವಾಗಬಾರದು, ಸೇವೆಯಿಂದ ಗಾಯಗೊಂಡವರಿಗೆ, ಬದುಕು ಮತ್ತೆ ಕಟ್ಟಿಕೊಳ್ಳಬೇಕಾದವರಿಗೆ ಮೊದಲ ಆದ್ಯತೆ ಇರಬೇಕು ಅನ್ನುವುದು ಅದರ ತಿರುಳು. ನಿಮಗೆ ನನಗೆ ಒಪ್ಪಿಗೆಯಾಗದೆ ಇರಬಹುದು. ಸಂಘಗಳಿಗಂತೂ ಆಗಲಿಲ್ಲ.

ಬ್ರಾಡ್ಲಿ ಇಡೀ ದೇಶದ ಇಲಾಖೆ ನಡೆಸಿದವರು, ನಮ್ಮದು ರಾಜ್ಯದ ಮಟ್ಟ ಅನ್ನುತ್ತೀರೇನೋ. ಅಲ್ಲೂ ಪ್ರತಿ ರಾಜ್ಯಕ್ಕೂ ಇಂಥ ಕಚೇರಿ ಇದೆ. ಹಣ ಕೊಡುವುದು ಬಹುತೇಕ ಕೇಂದ್ರ. ರಾಜ್ಯದ ಕಚೇರಿ ಅರ್ಜಿ ತುಂಬಿಸಿ ದಾಟಿಸುತ್ತದೆ, ವಯಸ್ಸಾದ ಸೈನಿಕರ ವಸತಿಗೃಹ, ಸ್ಮಶಾನ ನೋಡಿಕೊಳ್ಳುತ್ತದೆ. ಜಾರ್ಜಿಯಾದಲ್ಲಿ ಪೀಟ್ ವೀಲರ್ ಅಂತ ಇದ್ದರು, ನ್ಯಾಷನಲ್ ಗಾರ್ಡ್‌ನ ಬ್ರಿಗೇಡಿಯರ್ ಜನರಲ್. 1954ರಲ್ಲಿ ಆ ರಾಜ್ಯದ ವೆಟರನ್ಸ್ ಕಮಿಷನರ್ ಆದವರು 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಕುರ್ಚಿಯಲ್ಲಿದ್ದರು. ಗವರ್ನರ್‌ಗಳು ಬಂದರು ಹೋದರು, ಪಕ್ಷವೂ ಬದಲಾಯಿತು, ಅವರು ಉಳಿದರು. ಅಷ್ಟು ವರ್ಷ ಒಬ್ಬರೇ ಇರುವುದು ಒಳ್ಳೆಯದಾ ಅನ್ನುವ ಪ್ರಶ್ನೆ ನನಗಿದೆ. ಆದರೆ ಜನಪ್ರಿಯತೆ ಇಲ್ಲದೆ ಆಗುವ ಮಾತಲ್ಲ. ವರ್ಜೀನಿಯಾದಲ್ಲಿ ಅಮೆರಿಕನ್ ನೌಕಾಪಡೆಯ ಫ್ಲೀಟ್ ಫೋರ್ಸಸ್ ಕಮಾಂಡ್ ನಡೆಸಿದ ನಾಲ್ಕು ನಕ್ಷತ್ರದ ಅಡ್ಮಿರಲ್ ಜಾನ್ ಹಾರ್ವೆ 2014ರಲ್ಲಿ ರಾಜ್ಯದ ಮಾಜಿ ಸೈನಿಕರ ಖಾತೆಗೆ ಕಾರ್ಯದರ್ಶಿಯಾದರು. ಬೀದಿಯಲ್ಲಿ ಮಲಗುವ ಮಾಜಿ ಸೈನಿಕರಿಗೆ ಸೂರು ಒದಗಿಸುವ ಗುರಿ ಮುಟ್ಟಿದ್ದೇವೆ ಅಂತ ಆ ರಾಜ್ಯ 2015ರ ನವೆಂಬರ್‌ನಲ್ಲಿ ಘೋಷಿಸಿತು. ಅಮೆರಿಕದಲ್ಲಿ ಹಾಗೆ ಹೇಳಿದ ಮೊದಲ ರಾಜ್ಯ ಅದು.

ನಮ್ಮಲ್ಲಿ ಹುದ್ದೆಯೇ ಇಲ್ಲದೆ ಈ ಕೆಲಸ ಮಾಡಿದ ದೊಡ್ಡವರೊಬ್ಬರು ಇದ್ದರು. ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ. 1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿ ಬಂದ ಮೇಲೆ, 1964ರಲ್ಲಿ ಮಾಜಿ ಸೈನಿಕರ ಅಖಿಲ ಭಾರತ ಸಂಘ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದರು. ಬೆಂಗಳೂರಿನ ನಮ್ಮ ಇಲಾಖೆಯ ಕಟ್ಟಡಕ್ಕೂ ಮುಂದಿನ ರಸ್ತೆಗೂ ಅವರದೇ ಹೆಸರು.

ಈಗ ನಿಮ್ಮ ಐಎಎಸ್ ಪ್ರಶ್ನೆ. ಜಿಲ್ಲಾ ಸೈನಿಕ ಮಂಡಳಿಗೆ ಅಧ್ಯಕ್ಷರು ಈಗಲೂ ಜಿಲ್ಲಾಧಿಕಾರಿಯೇ. ಅಂದರೆ ಐಎಎಸ್ ಕೈ ಆಗಲೇ ಇದೆ. ಕಾರ್ಯದರ್ಶಿ ಸ್ಥಾನದಲ್ಲಿ ನಿವೃತ್ತ ಸೇನಾಧಿಕಾರಿ. ಈ ಜೋಡಿ ಸುಮ್ನೆ ಮಾಡಿದ್ದಲ್ಲ. ಜಮೀನು, ಖಾತೆ, ಪೊಲೀಸ್ ದೂರು ಇದ್ದರೆ ಡಿಸಿ ಬೇಕು. ಆದರೆ ನಿಮ್ಮ ಕಚೇರಿಯ ಬೆಂಚಿನ ಮೇಲೆ ಒಂದು ಬೆಳಗ್ಗೆ ಕೂತು ನೋಡಿ. ಒಬ್ಬ ತಾಯಿ ಬಂದಿರುತ್ತಾರೆ. ಗಂಡ ಹೋಗಿ ಮೂರು ತಿಂಗಳು. ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಹೆಸರು ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ. ಹುಟ್ಟಿದ ದಿನಾಂಕ ಎರಡರಲ್ಲೂ ಬೇರೆ. ಮದುವೆಯನ್ನು ಸೇನೆಯ ದಾಖಲೆಗೆ ಸೇರಿಸುವ ಪಾರ್ಟ್ ಟು ಆರ್ಡರ್ ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕೈಯಲ್ಲಿ ಮಡಿಸಿ ಮಡಿಸಿ ಹರಿದ ಡಿಸ್ಚಾರ್ಜ್ ಬುಕ್ ಒಂದಿದೆ. ಇದು ಯಾವ ರೆಕಾರ್ಡ್ ಆಫೀಸಿಗೆ ಹೋಗಬೇಕು, ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆಯಲ್ಲಿ ಯಾವುದನ್ನು ಮೊದಲು ಸರಿಪಡಿಸಬೇಕು, ಯಾವುದಕ್ಕೆ ಅಫಿಡವಿಟ್ ಸಾಕು ಅಂತ ಹೇಳಲು ಸೇನೆಯ ಒಳಗಿನ ಕಾಗದಪತ್ರ ಗೊತ್ತಿರಬೇಕು. ಎರಡು ವರ್ಷಕ್ಕೊಮ್ಮೆ ವರ್ಗವಾಗುವ ಅಧಿಕಾರಿ ಅದನ್ನು ಕಲಿಯುವಷ್ಟರಲ್ಲಿ ಬೇರೆ ಇಲಾಖೆಗೆ ಹೋಗಿರುತ್ತಾರೆ.

ಸೇನಾಧಿಕಾರಿ ವರ್ಗದ ಬಗ್ಗೆ ಸಿಪಾಯಿಗಳಿಗೆ ಇರುವ ಸಿಟ್ಟು ನನಗೆ ಗೊತ್ತು. ಸರ್ವಿಸ್‌ನಲ್ಲಿದ್ದಾಗಿನ ಹಾಗೆಯೇ ಇಲ್ಲೂ ಸೆಲ್ಯೂಟ್ ಬಯಸುವವರು ಇದ್ದಾರೆ. ಅಂಥವರಿಂದ ಕೆಲಸ ಆಗಲ್ಲ. ಇಲ್ಲಿ ಲೆಕ್ಕ ತಿರುಗಾಮುರುಗಾ. ಮೊದಲು ಆಜ್ಞೆ ಪಾಲಿಸಬೇಕಾಗಿದ್ದ ಹವಾಲ್ದಾರ್ ಈಗ ಹಕ್ಕು ಕೇಳುವವನು, ಬ್ರಿಗೇಡಿಯರ್ ಉತ್ತರ ಕೊಡಬೇಕಾದವರು. ಇದು ಒಪ್ಪಿಗೆಯಾದವರಿಗೆ ಕೆಲಸ ಸಲೀಸು.

ಹಾಗಾಗಿ ಮನವಿ ಕೊಡಿ, ಆದರೆ ಐಎಎಸ್ ಬೇಕು ಅಂತ ಬರೆಯಬೇಡಿ. ಕೆಲವು ಕಚೇರಿಗಳು ಒಂದಕ್ಕಿಂತ ಹೆಚ್ಚು ಜಿಲ್ಲೆ ನೋಡಿಕೊಳ್ಳುತ್ತವೆ, ದೂರದ ತಾಲ್ಲೂಕಿನವರು ಒಂದು ಸಹಿಗೆ ಇಡೀ ದಿನ ಕಳೆಯುತ್ತಾರೆ. ತಿಂಗಳಿಗೊಮ್ಮೆ ತಾಲ್ಲೂಕಿನಲ್ಲೇ ಕ್ಯಾಂಪ್ ಮಾಡಿ ಅಂತ ಕೇಳಿ. ಖಾಲಿ ಇರುವ ಗುಮಾಸ್ತರ ಜಾಗ ತುಂಬಿಸಿ ಅಂತ ಕೇಳಿ. ಬಾಕಿ ಅರ್ಜಿಗಳ ಸಂಖ್ಯೆಯನ್ನು ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಹಾಕಿ ಅಂತಲೂ ಸೇರಿಸಿ. ನಿರ್ದೇಶಕರನ್ನು ನೇಮಿಸುವಾಗ ದರ್ಜೆಯ ಜೊತೆಗೆ ರೆಕಾರ್ಡ್ಸ್, ಆಡಳಿತ ಅಥವಾ ಸರಬರಾಜು ವಿಭಾಗದಲ್ಲಿ ಕೆಲಸ ಮಾಡಿದ ಅನುಭವವನ್ನೂ ನೋಡಬೇಕು ಅನ್ನುವುದು ಕೊನೆಯ ಅಂಶವಾಗಿರಲಿ. ಪ್ರತಿಯನ್ನು ಡಿಸಿಗೂ ಕೊಡಿ, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ.